ಆಣೆ ಹಾಕದ ಮಾಸ್ತಮ್ಮ

ಮಾವಳ್ಳಿಯ ಮಾಸ್ತಮ್ಮ ಮೀನು ಮಾರುವ ರೀತಿಯೇ ಬೇರೆ. ಬುಟ್ಟಿ ಇಳಿಸಿ, ಮೇಲಿನ ಎಲೆ ಸರಿಸಿ, ಗಿರಾಕಿ ಬಾಯಿ ತೆರೆಯುವ ಮೊದಲೇ ಹೇಳಿಬಿಡುತ್ತಿದ್ದಳು: "ಬಂಗಡೆ ನಿನ್ನೇದು. ತಾರ್ಲೆ ಇವತ್ತಿಂದು. ಬಂಗಡೆನೇ ಬೇಕಾದ್ರೆ ಹುಳಿ ಸ್ವಲ್ಪ ಜಾಸ್ತಿ ಹಾಕಿ." ಪಕ್ಕದಲ್ಲಿ ಕೂತು ಮಾರುವ ಹೆಂಗಸರಿಗೆ ಇದನ್ನು ಕೇಳಿದರೆ ಮೈಯೆಲ್ಲ ಉರಿ. ಅವಳ ಬಂಗಡೆ ನಿನ್ನೆಯದಾದರೆ ಅವರದೂ ನಿನ್ನೆಯದೇ, ಎಲ್ಲವೂ ಒಂದೇ ದೋಣಿಯಿಂದ ಬಂದದ್ದು. "ಈ ಮಾರಾಯ್ತಿ ನಮ್ಮೆಲ್ಲರ ಹೊಟ್ಟೆ ಮೇಲೆ ಹೊಡೀತಾಳೆ" ಎಂದು ಬೈಯುತ್ತಿದ್ದರು. ಬೈದವರೇ ತಮ್ಮ ಮನೆಯಲ್ಲಿ ಜಗಳವಾದರೆ, ಅತ್ತೆ ಹೇಳಿದ್ದು ಖರೆಯೋ ಸೊಸೆ ಹೇಳಿದ್ದು ಖರೆಯೋ ಎಂದು ತಿಳಿಯಬೇಕಾದರೆ, ಮಾಸ್ತಮ್ಮನನ್ನೇ ಕರೆಸುತ್ತಿದ್ದರು.

ಕೇರಿಯಲ್ಲಿ ಅವಳಿಗೆ ಇನ್ನೊಂದು ಕೆಲಸವೂ ಇತ್ತು. ಯಾರೂ ಕರೆದು ಒಪ್ಪಿಸಿದ್ದಲ್ಲ, ಹಾಗೇ ಅವಳ ಪಾಲಿಗೆ ಬಂದದ್ದು. ಯಾರಾದರೂ ಸತ್ತರೆ ಕಣ್ಣು ಮುಚ್ಚುವುದು, ಬಾಯಿ ಕೂಡಿಸಿ ಗದ್ದಕ್ಕೆ ಬಟ್ಟೆ ಕಟ್ಟುವುದು, ಮೀಯಿಸುವುದು. ಸಮುದ್ರ ತಿಂದು ಉಗುಳಿದ ಹೆಣವನ್ನು ಗಂಡಸರು ಮುಟ್ಟಲು ಹೇಸುವಾಗ ಇವಳು ಸೆರಗು ಬಿಗಿದು ಕೂರುತ್ತಿದ್ದಳು. ಸ್ವಂತ ಮಕ್ಕಳಿಲ್ಲದ ವಿಧವೆಗೆ ಯಾವ ಮೈಲಿಗೆಯ ಹೆದರಿಕೆ ಎಂದು ಕೆಲವರು ಅಂದದ್ದುಂಟು. ಅಂದವರ ಅಪ್ಪಂದಿರ ಕಣ್ಣನ್ನೂ ಅವಳೇ ಮುಚ್ಚಿದ್ದಳು.

ಇಂಥವಳನ್ನು ಹೊನ್ನಾವರದ ಗೆಳೆಯರ ಕೂಟಕ್ಕೆ ಕರೆದುಕೊಂಡು ಹೋದವಳು ಶಿರಾಲಿಯ ಹಾಜಿರಾ. ಹಾಜಿರಾ ಹೆದ್ದಾರಿ ಪಕ್ಕದ ಓಣಿಯ ಮೊದಲ ಮನೆಯವಳು. ಮಾಸ್ತಮ್ಮನ ಹಳೆಯ ಗಿರಾಕಿ. ಮಾಸ್ತಮ್ಮ ಅವಳೊಡನೆ ಅರ್ಧ ಕನ್ನಡ, ಅರ್ಧ ಅಲ್ಲಿಯ ಮುಸ್ಲಿಮರ ನವಾಯತಿಯಲ್ಲಿ ಮಾತಾಡುವಳು. "ನೀ ಮೀನಿನ ವಿಷಯದಲ್ಲಿ ಸುಳ್ಳು ಹೇಳೂದಿಲ್ಲ, ಮನುಷ್ಯರ ವಿಷಯದಲ್ಲಿ ಹೇಳ್ತ್ಯಾ? ನಮ್ಮ ಕೂಟಕ್ಕೆ ಬಾ" ಎಂದು ಒಂದು ದಿನ ಹಾಜಿರಾ ಕರೆದಳು.

ಆ ಕೂಟವನ್ನು ಹುಟ್ಟುಹಾಕಿದವಳು ಕ್ರೈಸ್ತರ ಕ್ವೇಕರ್ ಪಂಥದ ಒಬ್ಬ ವಿಲಾಯಿತಿ ಮುದುಕಿ. ಹಿಂದೊಮ್ಮೆ ಈ ಕಡೆ ಕೋಮು ಗಲಾಟೆಯಾದಾಗ ಬಂದು, ಶರಾವತಿ ಸೇತುವೆಗೆ ಹತ್ತಿರ, ಐಸ್ ಫ್ಯಾಕ್ಟರಿಯ ಮೇಲಿನ ಕೋಣೆಯಲ್ಲಿ ಬಾಡಿಗೆಗೆ ಕೂತಳು. ಸತ್ತದ್ದೂ ಅಲ್ಲಿಯೇ. ಕ್ವೇಕರ್ ಎಂಬ ಶಬ್ದ ನಮ್ಮವರ ಬಾಯಿಗೆ ಹೊಂದಲಿಲ್ಲ, 'ಸುಮ್ನೆ ಕೂತ್ಕಣುವವರು' ಎಂದೇ ಹೆಸರು ಬಿತ್ತು. ಹೆಸರಿನಲ್ಲಿ ತಪ್ಪಿಲ್ಲ. ಪಾದ್ರಿಯಿಲ್ಲ, ಪೂಜೆಯಿಲ್ಲ, ಎಲ್ಲರೂ ಚಾಪೆಯ ಮೇಲೆ ದುಂಡಗೆ ಕೂತು ಬಾಯಿ ಮುಚ್ಚಿಕೊಂಡಿರುತ್ತಾರೆ. ಹೇಳಲೇಬೇಕಾದ ಮಾತು ಒಳಗಿಂದ ಎದ್ದು ಬಂದರೆ ಮಾತ್ರ ಹೇಳಬೇಕು. ಯಾವ ತೀರ್ಮಾನಕ್ಕೂ ಕೈ ಎತ್ತಿಸಿ ಎಣಿಸುವುದಿಲ್ಲ. ಎಲ್ಲರ ಮನಸ್ಸೂ ಕೂಡಿದರೆ ಉಂಟು, ಒಬ್ಬರದು ಕೂಡದಿದ್ದರೂ ಇಲ್ಲ. ಯಾರೂ ಅವರ ಧರ್ಮಕ್ಕೆ ಸೇರಬೇಕಾಗಿರಲಿಲ್ಲ, ಆ ಮುದುಕಿ ಸೇರಿಸಲೂ ಇಲ್ಲ. ಪದ್ಧತಿಯನ್ನಷ್ಟೇ ಬಿಟ್ಟುಹೋದಳು. ಅವಳ ನಂತರ ಕುಮಟೆಯ ಮಾಲಿನಿ ಅದನ್ನು ನಡೆಸಿಕೊಂಡು ಬಂದಳು.

ಕೂಟದ ಪ್ರತಿಯೊಬ್ಬರಿಗೂ ಇನ್ನೊಂದು ಮತದ ಒಬ್ಬ ಜೋಡಿ. ಮಾಸ್ತಮ್ಮನಿಗೆ ಹಾಜಿರಾ ಜೋಡಿ. ಊರಿನಲ್ಲಿ ಎಂತಾದರೂ ಬಿಸಿ ಸುದ್ದಿ ಹಬ್ಬಿದರೆ ಜೋಡಿಯಾಗಿ ಹೋಗಿ ಕಣ್ಣಾರೆ ನೋಡಬೇಕು, ನೋಡಿದ್ದನ್ನು ಎರಡೂ ಕಡೆಗೆ ಒಂದೇ ಮಾತಿನಲ್ಲಿ ಹೇಳಬೇಕು. ಇಷ್ಟೇ ಕೆಲಸ. ಇಷ್ಟಕ್ಕೇ ಎರಡೂ ಕಡೆಯಿಂದ ಉಗುಳಿಸಿಕೊಂಡದ್ದು ಬೇಕಾದಷ್ಟು. ಒಂದು ಕಡೆಯವರು ದಲ್ಲಾಳಿಗಳು ಎಂದರು, ಇನ್ನೊಂದು ಕಡೆಯವರು ಪೊಲೀಸರ ಕಿವಿ ಎಂದರು, ಪೊಲೀಸರು ನಿಮಗೆ ಬೇರೆ ಕೆಲಸ ಇಲ್ಲವಾ ಎಂದರು. ಮಾಸ್ತಮ್ಮನಿಗೆ ಮಾತ್ರ ಯಾವ ಕೇರಿಗೆ ಹೋದರೂ ಕೂರಲು ಮಣೆ ಸಿಗುತ್ತಿತ್ತು. ಕಡಲಿನಿಂದ ಬಾರದ ದೋಣಿ ಎಲ್ಲಿದೆ, ಕಾಣೆಯಾದ ಹುಡುಗಿ ಯಾರ ಮನೆಯಲ್ಲಿದ್ದಾಳೆ, ಹೊಡೆದದ್ದು ಯಾರು ಎಂದು ಅವಳು ಹೇಳಿದರೆ ಅದು ಮುಗಿದ ಮಾತು.

ಕೂಟದಿಂದ ಅವಳು ಕಲಿತದ್ದು ಒಂದೇ ಒಂದು, ಆಣೆ ಹಾಕದಿರುವುದು. ನಮ್ಮ ಕರಾವಳಿಯಲ್ಲಿ ಆಣೆ ಹಾಕದೆ ಒಂದು ಹೊತ್ತು ಕಳೆಯುವುದು ಕಷ್ಟ. ಕುಡಿದಿಲ್ಲ ಎಂದು ಮಕ್ಕಳ ಆಣೆ, ಬಲೆ ಕದ್ದಿಲ್ಲ ಎಂದು ಊರದೇವತೆ ಮಾಸ್ತಿಯ ಆಣೆ, ಏನೂ ಸಿಗದಿದ್ದರೆ ಅನ್ನದ ಆಣೆ. ಹಾಕಿ ಅಂಗಳ ದಾಟುವಷ್ಟರಲ್ಲಿ ಮರೆತುಬಿಡುತ್ತೇವೆ. ಆದರೆ ಮಾಸ್ತಿ ಗುಡಿಯ ಕಲ್ಲು ಮುಟ್ಟಿ ಹಾಕಿದ ಆಣೆಗೆ ಮಾತ್ರ ಇವತ್ತಿಗೂ ಜನ ಹೆದರುತ್ತಾರೆ. ಆಣೆ ಹಾಕುವವಳು, ಆಣೆ ಇಲ್ಲದಾಗ ಸುಳ್ಳು ಹೇಳ್ತೇನೆ ಅಂತ ಒಪ್ಪಿಕೊಂಡ ಹಾಗೆ ಎಂದು ಮಾಲಿನಿ ಹೇಳಿದ ಮಾತು ಮಾಸ್ತಮ್ಮನಿಗೆ ನಾಟಿತು. ಅಂದಿನಿಂದ ಅವಳು ಯಾವ ಆಣೆಯನ್ನೂ ಹಾಕಲಿಲ್ಲ. ಕೇರಿಯವರಿಗೂ ಇದು ಅಭ್ಯಾಸವಾಯಿತು. ಉಳಿದವರು ಕಲ್ಲು ಮುಟ್ಟಬೇಕು, ಮಾಸ್ತಮ್ಮ 'ಹೌದು' ಎಂದರೆ ಸಾಕು. ಇದೇ ಮುಂದೆ ಅವಳ ಕುತ್ತಿಗೆಗೆ ಬಿತ್ತು.

ಮಳೆಗಾಲ ಮುಗಿದು ದೋಣಿಗಳು ಮತ್ತೆ ಇಳಿದ ಸಮಯ. ಮಾಸ್ತಮ್ಮ ಭಟ್ಕಳದಲ್ಲಿ ಮೀನು ಮಾರಿ, ಸಂಜೆಯ ಟೆಂಪೋದಲ್ಲಿ ಬಂದು, ಹಾಜಿರಾಳ ಮನೆಯಲ್ಲಿ ಚಹಾ ಕುಡಿದು ಹೋಗೋಣ ಎಂದು ಶಿರಾಲಿಯಲ್ಲಿ ಇಳಿದಳು. ಓಣಿಯ ಬಾಯಿಯಲ್ಲಿ ಒಂದು ಪಿಕಪ್ ಗಾಡಿ ಅಡ್ಡ ನಿಂತಿತ್ತು. ಅದರ ಮುಂದೆ ಒಂದು ಬೈಕು ಮಗುಚಿ ಬಿದ್ದು ಚಕ್ರ ಇನ್ನೂ ತಿರುಗುತ್ತಿತ್ತು. ರಸ್ತೆಯ ಮೇಲೆ ಬಿದ್ದವನನ್ನು ಅವಳು ಅಂಗಿಯಿಂದ ಗುರುತು ಹಿಡಿದಳು. ಅವಳೇ ಚೌತಿಗೆ ಕೊಡಿಸಿದ ಅಂಗಿ. ಬಿದ್ದವನು ದಿನೇಶ, ಅವಳ ತಂಗಿ ಗಣಪಿಯ ಒಬ್ಬನೇ ಮಗ.

ಅವಳು ಬುಟ್ಟಿ ಬಿಸಾಕಿ ಓಡಿ ಅವನ ತಲೆಯನ್ನು ತೊಡೆಯ ಮೇಲೆ ಇಟ್ಟುಕೊಂಡಳು. ಹಾಜಿರಾ ಚೊಂಬಿನಲ್ಲಿ ನೀರು ಹಿಡಿದು ಓಡಿ ಬಂದಳು. ಅವನ ಕುತ್ತಿಗೆ ಹಿಡಿತವಿಲ್ಲದೆ ಹೊರಳಿತು. ಮಾಸ್ತಮ್ಮ ಎದೆಯ ಮೇಲೆ ಕೈಯಿಟ್ಟಳು, ಮೂಗಿನ ಹತ್ತಿರ ತನ್ನ ಕೆನ್ನೆ ಹಿಡಿದಳು. ಎಷ್ಟೋ ಮಂದಿಯನ್ನು ಮುಟ್ಟಿದ ಕೈಗೆ ಇನ್ನೊಬ್ಬರು ಹೇಳಬೇಕಾಗಿರಲಿಲ್ಲ. ದಿನೇಶ ಸತ್ತಿದ್ದ. ಕಣ್ಣು ತೆರೆದೇ ಇತ್ತು. ಅವಳ ಬಲಗೈ ಅಭ್ಯಾಸಬಲದಿಂದ ಅವನ ರೆಪ್ಪೆಯ ಕಡೆ ಹೋಯಿತು.

ಆಗ ಅವಳಿಗೆ ಸುತ್ತ ನಿಂತ ಕಾಲುಗಳು ಕಂಡವು. ಜನ ಸೇರುತ್ತಿದ್ದರು. "ಬೇಕಂತಲೇ ಹಾಯಿಸಿದ್ದು" ಎಂದು ಒಬ್ಬ ಅನ್ನುತ್ತಿದ್ದ, "ಇಳಿಸಿ ಹೊಡೆದ್ರಂತೆ" ಎಂದು ಇನ್ನೊಬ್ಬ. ಪಿಕಪ್ ಓಡಿಸುತ್ತಿದ್ದವನು ಹಾಜಿರಾಳ ಮೈದುನ. ಹೆದರಿ ಅವಳದೇ ಮನೆಯೊಳಗೆ ಹೊಕ್ಕಿದ್ದ. ಓಣಿಯಲ್ಲಿ ಆ ಹೊತ್ತಿಗೆ ಇದ್ದವರು ಹೆಂಗಸರು, ಮಕ್ಕಳು, ಒಬ್ಬಿಬ್ಬರು ಮುದುಕರು. ಮಾಸ್ತಮ್ಮ ರೆಪ್ಪೆಯ ಹತ್ತಿರ ಹೋದ ಕೈಯನ್ನು ಹಿಂದಕ್ಕೆ ತೆಗೆದುಕೊಂಡಳು. ಕಣ್ಣು ಮುಚ್ಚಿದರೆ ಸತ್ತ ಎಂದು ಸಾರಿದ ಹಾಗೆ. ತಂಗಿಯ ಮಗನ ಕಣ್ಣನ್ನು ಹಾಗೆಯೇ ಬಿಟ್ಟು, ಅವನ ಹಣೆಯ ಮೇಲೆ ಒದ್ದೆ ಸೆರಗು ಹಾಕಿದಳು. ಹಾಜಿರಾ ಎಲ್ಲವನ್ನೂ ನೋಡಿದಳು, ಒಂದು ಮಾತೂ ಆಡಲಿಲ್ಲ.

ಆಂಬ್ಯುಲೆನ್ಸ್ ಬಂತು. ಡಾಕ್ಟರು ಹೇಳುವ ತನಕ ಆಂಬ್ಯುಲೆನ್ಸಿನವರು ಯಾರನ್ನೂ ಸತ್ತ ಎನ್ನುವುದಿಲ್ಲ. ಎತ್ತಿ ಹಾಕಿಕೊಂಡರು. ಜೊತೆಗೆ ಕೇರಿಯ ಅರುಣ ಹತ್ತಿದ. ಮಾಸ್ತಮ್ಮನೂ ಹತ್ತಬೇಕಾಗಿತ್ತು. ಒಂದು ಕಾಲು ಮೆಟ್ಟಿಲ ಮೇಲೆ ಇಟ್ಟವಳು ತಿರುಗಿ ನೋಡಿದಳು. ಜನ ಆಂಬ್ಯುಲೆನ್ಸಿನ ಕಡೆ ನೋಡುತ್ತಿರಲಿಲ್ಲ, ಓಣಿಯ ಕಡೆ ನೋಡುತ್ತಿದ್ದರು. ಮಾವಳ್ಳಿಯಿಂದ ಬೈಕುಗಳ ಮೇಲೆ ಇನ್ನಷ್ಟು ಹುಡುಗರು ಬಂದಿಳಿದಿದ್ದರು. ಅವಳು ಕಾಲನ್ನು ಕೆಳಗಿಟ್ಟು, ಹೋಗಿ ಓಣಿಯ ಬಾಯಿಯಲ್ಲಿ ನಿಂತಳು.

ಎಲ್ಲರ ಮುಂದಿದ್ದವನು ಭಾಸ್ಕರ. ದಿನೇಶ ಅವನದೇ ದೋಣಿಗೆ ಹೋಗುತ್ತಿದ್ದವನು. ಭಾಸ್ಕರ ಕೆಟ್ಟವನಲ್ಲ, ಸಿಟ್ಟು ಬಂದರೆ ಮಾತ್ರ ಅವನಿಗೆ ಹಿಂದುಮುಂದು ಕಾಣದು. ಕೈಯಲ್ಲಿ ದೋಣಿಯ ಹುಟ್ಟಿತ್ತು.

"ಸರಿ ಅಕ್ಕ ಅತ್ಲಾಗೆ" ಎಂದ.

"ಎಂತಕೆ?"

"ದಿನೇಶ ಸತ್ನಾ? ನೀ ಹೇಳು. ಸತ್ತಿದ್ರೆ ಇವತ್ತು ಈ ಓಣಿ ಇರೂದಿಲ್ಲ."

ಮಾಸ್ತಮ್ಮನ ಸೆರಗಿನಲ್ಲಿ ರಕ್ತ ಇನ್ನೂ ಹಸಿಯಿತ್ತು. ಹಿಂದಿನ ಮನೆಯ ಬಾಗಿಲಿಗೆ ಒಳಗಿನಿಂದ ಅಗುಳಿ ಹಾಕುವ ಸದ್ದು ಕೇಳಿಸಿತು.

"ಉಸಿರಿದೆ" ಎಂದಳು.

"ಕಂಡಿದ್ಯಾ?"

"ನನ್ನ ತೊಡೆ ಮೇಲೆ ಮಲಗಿದ್ದ ಮಾರಾಯ. ಉಸಿರಿದೆ."

ಹಿಂದಿನಿಂದ ಯಾರೋ "ಆಣೆ ಹಾಕ್ಲಿ" ಎಂದರು. ಭಾಸ್ಕರ ಆ ಕಡೆ ತಿರುಗಿ ಗದರಿಸಿದ. "ಮಾಸ್ತಕ್ಕನ ಹತ್ರ ಆಣೆ ಕೇಳ್ತ್ಯಾ? ಅವ್ಳು ಹೌದು ಅಂದ್ರೆ ಹೌದು."

ಒಂದು ಸುಳ್ಳು ಹೇಳಿದ ಮೇಲೆ ಎರಡನೆಯದು ತಾನಾಗಿ ಬಂತು. "ಇಲ್ಲಿ ನಿಂತು ಎಂತ ಮಾಡ್ತ್ರಿ? ಆಸ್ಪತ್ರೆಲಿ ರಕ್ತ ಬೇಕಾಗ್ತದೆ. ಅವನ ಜೀವ ಬೇಕಾದ್ರೆ ಅಲ್ಲಿ ಹೋಗಿ, ಇಲ್ಲಿ ಅವನ ಜೀವ ಇಲ್ಲ" ಎಂದಳು. ಭಾಸ್ಕರ ಹುಟ್ಟನ್ನು ಗಟಾರಕ್ಕೆ ಎಸೆದ. ಬೈಕುಗಳು ಒಂದೊಂದಾಗಿ ಭಟ್ಕಳದ ಕಡೆ ತಿರುಗಿದವು. ಪೊಲೀಸರ ಜೀಪು ಬಂದು ಓಣಿಗೆ ಅಡ್ಡ ನಿಲ್ಲುವ ತನಕ ಮಾಸ್ತಮ್ಮ ಅಲ್ಲಿಂದ ಕದಲಲಿಲ್ಲ.

ಓಣಿ ಉಳಿಯಿತು. ಒಂದು ಗಾಜೂ ಒಡೆಯಲಿಲ್ಲ. ಕತೆಯನ್ನು ಇಲ್ಲಿಗೇ ನಿಲ್ಲಿಸಿದರೆ ಮಾಸ್ತಮ್ಮನಿಗೆ ಶಾಲು ಹೊದಿಸಿ ಭಾಷಣ ಮಾಡಬಹುದಿತ್ತು.

ಆದರೆ ಅವಳ ಮಾತು ಅವಳಿಗಿಂತ ಮೊದಲೇ ಮಾವಳ್ಳಿ ತಲುಪಿತ್ತು. ಗಣಪಿಗೆ ಯಾರೋ ಫೋನಿನಲ್ಲಿ, "ಆಕ್ಸಿಡೆಂಟ್ ಆಗಿದೆ, ಹೆದರಬೇಡ, ಉಸಿರಿದೆಯಂತೆ, ನಿನ್ನಕ್ಕನೇ ಹೇಳಿದ್ಲಂತೆ" ಎಂದರು. ಅಕ್ಕನೇ ಹೇಳಿದಳು ಎಂದ ಮೇಲೆ ಗಣಪಿ ಅಳು ನಿಲ್ಲಿಸಿದಳು. ಮಾಸ್ತಿಗೆ ತೆಂಗಿನಕಾಯಿ ಹರಕೆ ಹೇಳಿಕೊಂಡಳು. ಒಲೆಯ ಮೇಲಿದ್ದ ಗಂಜಿಯ ತಿಳಿಯನ್ನು ಬಗ್ಗಿಸಿ ಫ್ಲಾಸ್ಕಿಗೆ ತುಂಬಿದಳು. ಎಚ್ಚರವಾದ ಮೇಲೆ ಉಡಲು ಒಂದು ಲುಂಗಿ, ತೋಳು ನೋಯದ ಹಾಗೆ ಒಂದು ಅಗಲದ ಅಂಗಿ ಮಡಚಿ ಇಟ್ಟುಕೊಂಡಳು. ನೆರೆಯವರು ರಿಕ್ಷಾ ತಂದಾಗ ಅವಳೇ ಅವರಿಗೆ ಧೈರ್ಯ ಹೇಳಿದಳಂತೆ.

ಮಾಸ್ತಮ್ಮ ಆಸ್ಪತ್ರೆಗೆ ಬಂದಾಗ ಮೊದಲು ಕಂಡದ್ದು ಭಾಸ್ಕರ ಮತ್ತು ಹುಡುಗರು. ರಕ್ತ ಕೊಡಲು ಅಂಗಿಯ ತೋಳು ಮಡಚಿಕೊಂಡು ಸಾಲಾಗಿ ನಿಂತಿದ್ದರು. ಬೆಂಚಿನ ಮೇಲೆ ಗಣಪಿ ಫ್ಲಾಸ್ಕನ್ನು ಮಡಿಲಿನಲ್ಲಿ ಇಟ್ಟುಕೊಂಡು ಕೂತಿದ್ದಳು. ಒಳಗಿನಿಂದ ಯಾರೂ ಇನ್ನೂ ಹೊರಗೆ ಬಂದಿರಲಿಲ್ಲ.

"ಅಕ್ಕ, ಉಸಿರಿತ್ತಲ್ಲ? ನೀ ಕಂಡಿದ್ಯಲ್ಲ?"

ಮಡಚಿದ ತೋಳಿನ ಅಷ್ಟೂ ಹುಡುಗರು ಇತ್ತ ನೋಡಿದರು. ಇಲ್ಲ ಎಂದರೆ ಅವರು ಮತ್ತೆ ಶಿರಾಲಿಗೆ ತಿರುಗುತ್ತಾರೆ. ಅಲ್ಲಿ ಇರುವುದು ಪೊಲೀಸರ ಜೀಪು ಒಂದೇ ಒಂದು. ಮಾಸ್ತಮ್ಮ ತಂಗಿಯ ಮುಖ ನೋಡಿ "ಹ್ಞೂಂ, ಇತ್ತು" ಎಂದಳು.

ಓಣಿಯ ಬಾಯಿಯಲ್ಲಿ ಹೇಳಿದ ಸುಳ್ಳಿಗೆ ಅವಳು ಮುಂದೆಂದೂ ಮರುಗಲಿಲ್ಲ. ಈ ಮೂರು ಅಕ್ಷರದ ಸುಳ್ಳು ಮಾತ್ರ ಅವಳನ್ನು ಒಳಗಿನಿಂದ ತಿಂದಿತು. ಸ್ವಲ್ಪ ಹೊತ್ತಿನಲ್ಲಿ ಡಾಕ್ಟರು ಹೊರಗೆ ಬಂದು, ತರುವಾಗಲೇ ಜೀವ ಇರಲಿಲ್ಲ ಎಂದು ಹೇಳಿದರು. ಭಾಸ್ಕರ ಮಾಸ್ತಮ್ಮನ ಕಡೆ ತಿರುಗಿ ನೋಡಿ, ಮಡಚಿದ ತೋಳನ್ನು ನಿಧಾನ ಕೆಳಗೆ ಎಳೆದುಕೊಂಡ. ಅಷ್ಟರಲ್ಲಿ ಇನ್ನೆರಡು ವ್ಯಾನು ಪೊಲೀಸರು ಬಂದಿದ್ದರು. ಹುಡುಗರಿಗೆ ಎಲ್ಲಿಗೂ ಹೋಗಲು ಆಗಲಿಲ್ಲ. ಮಣ್ಣು ಮಾಡುವ ಮೊದಲು ಮೀಯಿಸಲು ಮಾಸ್ತಮ್ಮ ಹೋದರೆ, ಕೇರಿಯ ಹೆಂಗಸರು ದಾರಿ ಬಿಡಲಿಲ್ಲ. ಕಣ್ಣು ಆಸ್ಪತ್ರೆಯಲ್ಲಿಯೇ ಯಾರೋ ಮುಚ್ಚಿದ್ದರು.

ಆ ತಿಂಗಳ ಕೂಟದಲ್ಲಿ ಮಾಸ್ತಮ್ಮ ಚಾಪೆಯ ಮೇಲೆ ಕೂತು, ಯಾರೂ ಕೇಳುವ ಮೊದಲೇ ಹೇಳಿದಳು. "ನಂಗೆ ಗೊತ್ತಿತ್ತು. ನಾ ಸುಳ್ಳು ಹೇಳಿದ್ದು."

ಕೆಳಗೆ ಐಸ್ ಪುಡಿ ಮಾಡುವ ಯಂತ್ರ ಗರಗರ ಎನ್ನುತ್ತಿತ್ತು. ಮೊದಲು ಬಾಯಿ ತೆರೆದವರು ಮಿರ್ಜಾನದ ನಿತ್ಯಾನಂದ ಮಾಸ್ತರು. ನಿವೃತ್ತರು, ಮೆತ್ತಗಿನ ಮನುಷ್ಯ. ಸಿಟ್ಟು ಇರಲಿಲ್ಲ, ಕಣ್ಣು ಒದ್ದೆಯಾಗಿತ್ತು. "ಮಾಸ್ತಮ್ಮ, ನಮ್ಮ ಹತ್ರ ಬಂದೂಕಿಲ್ಲ, ಅಧಿಕಾರ ಇಲ್ಲ. ಇದ್ದದ್ದು ಒಂದು ಮಾತು. ಅದನ್ನ ನೀನು ಒಂದೇ ಸಂಜೆಗೆ ಖರ್ಚು ಮಾಡಿಬಿಟ್ಟೆ. ನಾಳೆ ನಾವು ಎಂತ ಹೇಳೂದು, ಯಾರು ನಂಬೂದು?"

ಹಾಜಿರಾ ನೆಲ ನೋಡುತ್ತ ಹೇಳಿದಳು. "ಮಾಸ್ತರೆ, ನನ್ನ ಮೂರು ಮಕ್ಕಳು ಒಳಗಿದ್ವು. ನಾನೂ ನೋಡಿದ್ದೆ ಅವ ಸತ್ತದ್ದು. ನಾನೂ ಸುಮ್ನಿದ್ದೆ. ತೆಗೀಬೇಕಾದ್ರೆ ನನ್ನೂ ತೆಗೀರಿ."

ಮಾಸ್ತಮ್ಮ ಕೂಟದಲ್ಲಿ ಇರಬೇಕೋ ಬೇಡವೋ ಎಂಬುದಕ್ಕೆ ಮನಸ್ಸು ಕೂಡಲಿಲ್ಲ. ಕೂಡದಿದ್ದರೆ ತೀರ್ಮಾನವಿಲ್ಲ. ಮತ್ತೆ ಸುಮ್ಮನೆ ಕೂತರು. ಕೊನೆಗೆ ಪದ್ಧತಿಯ ಪ್ರಕಾರ ಒಬ್ಬರ ಕೈ ಒಬ್ಬರು ಹಿಡಿದು ಎದ್ದರು. ಮಾಸ್ತರು ಮಾಸ್ತಮ್ಮನ ಕೈ ಹಿಡಿದರು, ಮುಖ ನೋಡಲಿಲ್ಲ. ಮಾಲಿನಿ ಮೆಟ್ಟಿಲ ತನಕ ಬಂದು, "ಸ್ವಲ್ಪ ದಿನ ಮನೆಯಲ್ಲೇ ಇರಿ ಅಕ್ಕ" ಎಂದಳು. ಅದಕ್ಕಿಂತ ಹೋಗು ಎಂದಿದ್ದರೆ ಮಾಸ್ತಮ್ಮನಿಗೆ ಸಮಾಧಾನವಾಗುತ್ತಿತ್ತು.

ಮಾಸ್ತರ ಮಾತು ಸುಳ್ಳಾಗಲಿಲ್ಲ. ಚಳಿಗಾಲದಲ್ಲಿ ಕುಮಟೆಯ ಪೇಟೆಯಲ್ಲಿ ಎರಡು ಗುಂಪಿನ ಹುಡುಗರು ಹೊಡೆದಾಡಿ, ಸಂಜಯ ಎಂಬ ಹುಡುಗನ ತಲೆ ಒಡೆಯಿತು. ಸತ್ತನಂತೆ ಎಂದು ಸುದ್ದಿ ಹಾರಿತು. ಮಾಲಿನಿ ತನ್ನ ಜೋಡಿಯನ್ನು ಕರೆದುಕೊಂಡು ಆಸ್ಪತ್ರೆಗೆ ಓಡಿದಳು. ಸಂಜಯ ತಲೆಗೆ ಪಟ್ಟಿ ಕಟ್ಟಿಕೊಂಡು ಎದ್ದು ಕೂತು ಬಿಸ್ಕಿಟು ತಿನ್ನುತ್ತಿದ್ದ. ಅವಳು ಪೇಟೆಗೆ ತಿರುಗಿ ಬಂದು, ನಾನು ಕಣ್ಣಾರೆ ನೋಡಿದೆ, ಬದುಕಿದ್ದಾನೆ ಎಂದಳು. ಗುಂಪಿನಲ್ಲಿ ಒಬ್ಬ ನಕ್ಕ. "ನಿಮ್ಮ ಕೂಟದವರ ಕಣ್ಣಿಗೆ ಹೆಣವೂ ಉಸಿರಾಡ್ತದೆ" ಎಂದ. ಎಲ್ಲರೂ ನಕ್ಕರು. ಆ ದಿನ ಒಬ್ಬ ಮುದುಕನ ಬಟ್ಟೆ ಅಂಗಡಿ ಸುಟ್ಟುಹೋಯಿತು. ನಂದಿಸಲು ಹೋದ ಮುದುಕನ ಎರಡೂ ಕೈ ಸುಟ್ಟವು. ಬದುಕಿದ್ದವನ ಹೆಸರಿನಲ್ಲಿ ಇಷ್ಟೆಲ್ಲ ನಡೆಯಿತು.

ಸುದ್ದಿ ಕೇಳಿ ಮಾಸ್ತಮ್ಮ ಬುಟ್ಟಿಯನ್ನು ಕವುಚಿ ಹಾಕಿ ಕೂತಳು. ಭಟ್ಕಳದಲ್ಲಿ ಹೇಗೂ ಅವಳ ಮೀನಿಗೆ ಜನ ಕಡಿಮೆಯಾಗಿದ್ದರು. "ತಾರ್ಲೆ ಇವತ್ತಿಂದು" ಎಂದರೆ ಹಳೆಯ ಗಿರಾಕಿಗಳೂ ಕಿವಿರು ಎತ್ತಿ ನೋಡಲು ಶುರುಮಾಡಿದ್ದರು.

ಇಡೀ ಕರಾವಳಿಯಲ್ಲಿ ಮಾಸ್ತಮ್ಮನ ಮಾತನ್ನು ನಂಬುವವಳು ಒಬ್ಬಳೇ ಉಳಿದಿದ್ದಳು, ಗಣಪಿ.

ಡಾಕ್ಟರು ಹೇಳಿದ್ದು ಗಣಪಿಯ ತಲೆಗೆ ಹೋಗಲೇ ಇಲ್ಲ. ಅಕ್ಕ ಮುಟ್ಟಿ ನೋಡಿದಾಗ ಉಸಿರಿತ್ತು, ಅಂದ ಮೇಲೆ ದಾರಿಯಲ್ಲೋ ಆಸ್ಪತ್ರೆಯಲ್ಲೋ ಯಾರೋ ಕೈಬಿಟ್ಟಿದ್ದಾರೆ. ಲೆಕ್ಕ ಅಷ್ಟು ನೇರ. ಉಳಿಯಬಹುದಾಗಿದ್ದ ಮಗನನ್ನು ಕೊಂದರು ಎಂದು ಅವಳು ಪೊಲೀಸ್ ಠಾಣೆಗೆ ಹೋದಳು, ವಕೀಲರ ಮನೆಗೆ ಹೋದಳು. ಯಾರೂ ಕಿವಿಗೊಡದಿದ್ದಾಗ, ದಿನಾ ಬೆಳಗಿನ ಬಸ್ಸು ಹಿಡಿದು ಆಸ್ಪತ್ರೆಯ ಗೇಟಿನ ಹತ್ತಿರ ಕೂರತೊಡಗಿದಳು. ಮಡಿಲಿನಲ್ಲಿ ಅದೇ ಫ್ಲಾಸ್ಕು. ಹೋಗಿ ಬರುವವರಿಗೆಲ್ಲ, "ನನ್ನಕ್ಕ ಸುಳ್ಳು ಹೇಳುವವಳಲ್ಲ, ಉಸಿರಿತ್ತು" ಎನ್ನುವಳು. ಮಕ್ಕಳು ಸಾಯುತ್ತಾರೆ, ತಾಯಂದಿರು ಅತ್ತು ಅತ್ತು ಒಂದು ದಿನ ಗಂಜಿ ಕುಡಿಯುತ್ತಾರೆ. ಗಣಪಿಗೆ ಅಳುವುದಕ್ಕೂ ಆಗಲಿಲ್ಲ. ಅವಳ ಮಗ ಇನ್ನೂ ಸಾಯುತ್ತಲೇ ಇದ್ದ.

ಮಾಸ್ತಮ್ಮನಿಗೆ ಇದು ಗೊತ್ತಿರಲಿಲ್ಲವೇ? ಗೊತ್ತಿತ್ತು. ನಾಳೆ ಹೇಳುತ್ತೇನೆ, ಹದಿಮೂರನೆಯ ದಿನ ಕಳೆಯಲಿ, ಹಬ್ಬ ಕಳೆಯಲಿ ಎಂದು ಮುಂದೂಡಿದಳು. ಹೆಣ ಮುಟ್ಟಲು ಹೆದರದವಳು ತಂಗಿಯ ಹೊಸ್ತಿಲು ಮೆಟ್ಟಲು ಹೆದರಿದಳು. ಹೇಳಿದರೆ ಕೊನೆಯವಳೂ ಹೋಗುತ್ತಾಳೆ ಎಂಬ ಭಯವೂ ಅದರಲ್ಲಿ ಇತ್ತು, ಅದನ್ನು ಮುಚ್ಚಿಡುವುದು ಬೇಡ. ಕುಮಟೆಯ ಮುದುಕನ ಕೈ ಸುಟ್ಟ ಮೇಲೆ ಅವಳಿಗೆ ಇನ್ನು ತಡೆಯಲು ಆಗಲಿಲ್ಲ. ಒಂದು ಬೆಳಿಗ್ಗೆ ಗಣಪಿ ಫ್ಲಾಸ್ಕಿಗೆ ಗಂಜಿ ತಿಳಿ ಹೊಯ್ಯುತ್ತಿದ್ದಾಗ ಹೋಗಿ ಒಲೆಯ ಹತ್ತಿರ ಕುಕ್ಕರುಗಾಲಲ್ಲಿ ಕೂತಳು.

"ಗಣಪಿ, ಒಂದು ಮಾತು ಹೇಳ್ತೆ, ಕೇಳು. ಅವಂಗೆ ಉಸಿರಿರ್ಲಿಲ್ಲ. ನಾ ಮುಟ್ಟುವಾಗ್ಲೇ ಇರ್ಲಿಲ್ಲ. ಜನ ಓಣಿಗೆ ನುಗ್ತಾರೆ ಅಂತ ಹೆದ್ರಿ ಸುಳ್ಳು ಹೇಳ್ದೆ. ಆಸ್ಪತ್ರೆಲಿ ನಿಂಗೂ ಸುಳ್ಳು ಹೇಳ್ದೆ. ಅವನನ್ನ ಯಾರೂ ಕೈಬಿಡ್ಲಿಲ್ಲ. ಅವ ನೋವೂ ತಿನ್ಲಿಲ್ಲ."

ಗಣಪಿ ಫ್ಲಾಸ್ಕಿನ ಮುಚ್ಚಳ ತಿರುಗಿಸಿ ಬಿಗಿ ಮಾಡಿದಳು. "ಯಾರು ಹೇಳ್ಕೊಟ್ರು ಇದನ್ನ? ನಿನ್ನ ಆ ಮಾಲಿನಿಯಾ?"

"ಯಾರೂ ಅಲ್ಲ ಮಾರಾಯ್ತಿ."

"ಸತ್ತಿದ್ರೆ ಕಣ್ಣು ಎಂತಕೆ ಮುಚ್ಲಿಲ್ಲ? ಆಂಬ್ಯುಲೆನ್ಸಲ್ಲಿ ಕಣ್ಣು ಬಿಟ್ಕಂಡೇ ಇದ್ದ ಅಂತ ಅರುಣ ಹೇಳಿದ. ಕೇರಿಲಿ ಎಲ್ಲರ ಕಣ್ಣು ಮುಚ್ಚೂದು ನೀನು. ಗುರುತಿಲ್ಲದ ಹೆಣದ್ದೂ ಮುಚ್ತೀ. ನನ್ನ ಮಗನ ಕಣ್ಣು ಹಾಗೇ ಬಿಡ್ತ್ಯಾ ನೀನು? ಬಿಡೂದಿಲ್ಲ. ಜೀವ ಇತ್ತು, ಅದಕ್ಕೇ ಮುಚ್ಲಿಲ್ಲ."

ಆ ಕೈಯನ್ನು ಹಿಂದಕ್ಕೆ ಎಳೆದುಕೊಂಡದ್ದು ಹೇಗೆ ಎಂದು ಯಾವ ಮಾತಿನಲ್ಲಿ ಹೇಳಬೇಕು ಎಂಬುದೇ ಮಾಸ್ತಮ್ಮನಿಗೆ ತಿಳಿಯಲಿಲ್ಲ. ಹೇಳಿದಳು, ತಡವರಿಸುತ್ತ ಹೇಳಿದಳು. ಗಣಪಿ ಚಪ್ಪಲಿ ಮೆಟ್ಟಿಕೊಂಡು ಅಂಗಳಕ್ಕೆ ಇಳಿದಳು. ಬಸ್ಸಿಗೆ ಹೊತ್ತಾಗುತ್ತಿತ್ತು.

"ನಿಲ್ಲು" ಎಂದು ಮಾಸ್ತಮ್ಮ ಅವಳ ರಟ್ಟೆ ಹಿಡಿದಳು. "ಬಾ ಗುಡಿಗೆ."

ಮಾಸ್ತಿ ಗುಡಿ ಹೆಸರಿಗೆ ಗುಡಿ. ನಾಲ್ಕು ಕಂಬ, ತಗಡಿನ ಮಾಡು, ಒಳಗೆ ಎಣ್ಣೆ ಹಿಡಿದು ಕಪ್ಪಾದ ಒಂದು ಕಲ್ಲು. ಕಟ್ಟೆಯ ಮೇಲೆ ಬಲೆ ಹೆಣೆಯುತ್ತಿದ್ದ ಭಾಸ್ಕರ ಇಬ್ಬರನ್ನೂ ಕಂಡು ಸೂಜಿ ನಿಲ್ಲಿಸಿದ. ಎಷ್ಟೋ ವರ್ಷಗಳಿಂದ ಯಾರು ಕೇಳಿದರೂ ಆಣೆ ಹಾಕದವಳು ಮಂಡಿಯೂರಿ ಎರಡೂ ಅಂಗೈಯನ್ನು ಕಲ್ಲಿನ ಮೇಲೆ ಇಟ್ಟಳು.

"ಮಾಸ್ತಿಯ ಆಣೆ. ದಿನೇಶ ನನ್ನ ತೊಡೆ ಮೇಲೆ ಬರುವಾಗ್ಲೇ ಸತ್ತಿದ್ದ. ನಾ ಹೇಳಿದ್ದು ಸುಳ್ಳು."

ಎದ್ದು ತಿರುಗಿದಳು. ಇನ್ನಾದರೂ ತಂಗಿ ನಂಬುತ್ತಾಳೆ, ಎದೆ ಬಡಿದುಕೊಂಡು ಅಳುತ್ತಾಳೆ, ನನ್ನ ಮುಖಕ್ಕೆ ಉಗುಳುತ್ತಾಳೆ, ಎಂತ ಮಾಡಿದರೂ ಆತು ಎಂದು ಕಾದಳು.

ಗಣಪಿ ಅವಳನ್ನು ಕನಿಕರದಿಂದ ನೋಡಿದಳು.

"ನೀ ಆಣೆ ಹಾಕುವವಳೇ ಅಲ್ಲ ಅಕ್ಕ" ಎಂದಳು. "ಖರೆ ಹೇಳುವಾಗ ನಿಂಗೆ ಯಾವತ್ತೂ ಆಣೆ ಬೇಕಾಗ್ಲಿಲ್ಲ. ಆವತ್ತು ಓಣಿ ಬಾಯಲ್ಲಿ ಆಣೆ ಇಲ್ದೇ ಹೇಳಿದ್ಯಲ್ಲ, ಅದು ಖರೆ. ಈಗ ಎಂತಕೆ ಕಲ್ಲು ಮುಟ್ಟಿದೆ ಅಂತ ನಂಗೆ ಗೊತ್ತಿಲ್ವಾ? ನಾ ಗೇಟಿನ ಹತ್ರ ಬಿಸಿಲಲ್ಲಿ ಕೂರೂದು ನಿಂಗೆ ನೋಡೂಕೆ ಆಗೂದಿಲ್ಲ. ಅದಕ್ಕೇ ನೀ ಸುಳ್ಳು ಹೇಳ್ತಾ ಇದ್ದೀ."

ಭಾಸ್ಕರ ತಲೆ ತಗ್ಗಿಸಿ ಮತ್ತೆ ಬಲೆಗೆ ಸೂಜಿ ಹಾಕಿದ. ಗಣಪಿ ಹೆದ್ದಾರಿಯ ಕಡೆ ನಡೆದಳು. ಮಾಸ್ತಮ್ಮ ಸೆರಗಿಗೆ ಕೈಯ ಎಣ್ಣೆ ಒರೆಸಿಕೊಂಡು ತಂಗಿಯ ಹಿಂದೆಯೇ ಹೋಗಿ ಅದೇ ಬಸ್ಸು ಹತ್ತಿದಳು.

ಈಗ ಇಬ್ಬರೂ ದಿನಾ ಹೋಗುತ್ತಾರೆ. ಮಾಸ್ತಮ್ಮ ಮೀನು ಮಾರುವುದನ್ನು ಬಿಟ್ಟಿದ್ದಾಳೆ. ಗೇಟಿನ ಪಕ್ಕದ ಗೋಡೆಯ ನೆರಳಿನಲ್ಲಿ ಅಕ್ಕತಂಗಿಯರು ಕೂರುತ್ತಾರೆ. "ಬರೂದಾದ್ರೆ ಬಾ, ಬಾಯಿ ಬಿಡ್ಬೇಡ" ಎಂದು ಗಣಪಿ ಮೊದಲ ದಿನವೇ ಹೇಳಿದ್ದಳು. ಸುಮ್ಮನೆ ಕೂರುವುದು ಮಾಸ್ತಮ್ಮನಿಗೆ ಹೊಸದಲ್ಲ. ಆದರೆ ಕೂಟದಲ್ಲಿ ಒಬ್ಬರು ಮಾತು ಮುಂದಿಟ್ಟಾಗ ಸುಮ್ಮನಿದ್ದರೆ ಅದನ್ನು ಒಪ್ಪಿದ ಹಾಗೆ. ಆದ್ದರಿಂದ ದಿನಕ್ಕೊಮ್ಮೆ, ಗಣಪಿ ಯಾರಿಗಾದರೂ "ನನ್ನಕ್ಕನೇ ಕಂಡಿದ್ದು, ಇಲ್ಲೇ ಇದ್ದಾಳೆ, ಬೇಕಾದ್ರೆ ಕೇಳಿ" ಎಂದು ತೋರಿಸುವಾಗ, ಅವಳು ಬಾಯಿ ಬಿಡುತ್ತಾಳೆ.

"ಇಲ್ಲ. ಅವ ಆಗ್ಲೇ ಇರ್ಲಿಲ್ಲ" ಎನ್ನುತ್ತಾಳೆ.

ಕೇಳಿದವರು ಒಮ್ಮೆ ಅವಳ ಮುಖ, ಒಮ್ಮೆ ಇವಳ ಮುಖ ನೋಡಿ ಒಳಗೆ ಹೋಗುತ್ತಾರೆ. ಗಣಪಿ ಸಿಟ್ಟಾಗುವುದಿಲ್ಲ. ಫ್ಲಾಸ್ಕಿನ ಮುಚ್ಚಳಕ್ಕೆ ಗಂಜಿ ತಿಳಿ ಬಗ್ಗಿಸಿ, ಕುಡಿ ಅಕ್ಕ, ಬಾಯಿ ಒಣಗಿದೆ ಎಂದು ಅವಳ ಕೈಗೆ ಕೊಡುತ್ತಾಳೆ.